ಯಾತ್ರೆಯ ಬೆಲೆ: ಜಂಗಮವಾಡಿಯಿಂದ ಗಂಗೆಯ ದಡಕ್ಕೆ

ಕ್ರಿ.ಶ. 1279ರಲ್ಲಿ ಹೊಯ್ಸಳ ದೊರೆ ಮೂರನೆಯ ನರಸಿಂಹನು ಹೆಬ್ಬಾಲೆ ಗ್ರಾಮದ ವರ್ಷದ ಹುಟ್ಟುವಳಿಯಾದ 645 ನಿಷ್ಕಗಳನ್ನು ಕಾಶೀಯಾತ್ರಿಕರಿಗಾಗಿ ಬಿಟ್ಟುಕೊಟ್ಟನೆಂದು ಶಾಸನ ಹೇಳುತ್ತದೆ. ಕಾಶಿಯಲ್ಲಿ ತುರುಷ್ಕರು ಯಾತ್ರಿಕರ ಮೇಲೆ ತೆರಿಗೆ ಹಾಕುತ್ತಿದ್ದರು. ಕರ್ಣಾಟ, ತೆಲುಂಗ, ತುಳು ಮೊದಲಾದ ನಾಡುಗಳಿಂದ ಹೋದವರು ಅದನ್ನು ತೆರಲಾರದೆ ಹಿಂದಿರುಗಬಾರದೆಂಬುದು ದತ್ತಿಯ ಉದ್ದೇಶ. ಆ ತೆರಿಗೆ ನ್ಯಾಯವಾದುದೆಂದು ನಾವು ಹೇಳುತ್ತಿಲ್ಲ. ಆದರೆ ಯಾತ್ರೆಗೊಂದು ಬೆಲೆಯಿದೆ, ಅದನ್ನು ಯಾರಾದರೂ ತೆತ್ತೇ ತೀರಬೇಕು ಎಂಬ ಅರಿವು ಅಂದಿನ ಅರಮನೆಗೆ ಇತ್ತೆಂಬುದು ಗಮನಿಸತಕ್ಕದ್ದು. ಇಂದು ಕಾಶಿಗೆ ಹೋಗುವ ಕನ್ನಡಿಗರ ಯಾತ್ರೆಯ ಬೆಲೆಯನ್ನು ತೆರುತ್ತಿರುವವರು ಯಾರು?

ಈ ಪ್ರಶ್ನೆಯನ್ನು ಜಂಗಮವಾಡಿಯಿಂದಲೇ ಆರಂಭಿಸುವುದು ಉಚಿತ. ಗೋದೌಲಿಯಾದಿಂದ ಮದನಪುರದ ಕಡೆಗೆ ಸಾಗುವ ಗಿಜಿಗುಟ್ಟುವ ರಸ್ತೆಯಲ್ಲಿ ಬನಾರಸಿ ಸೀರೆಯ ಅಂಗಡಿಗಳನ್ನು ದಾಟಿದರೆ ಸಿಗುವ ಈ ಮಠ ವೀರಶೈವ ಪಂಚಪೀಠಗಳಲ್ಲಿ ಒಂದು. ವಿಶ್ವಾರಾಧ್ಯರ ಪರಂಪರೆಯ ಜ್ಞಾನಸಿಂಹಾಸನ. ಮೊಗಲ್ ಬಾದಶಹರು ಕೊಟ್ಟ ಫರ್ಮಾನುಗಳನ್ನು ಮಠ ಇಂದಿಗೂ ಕಾಪಾಡಿಕೊಂಡಿದೆ. ತೆರಿಗೆ ಹಾಕಿದವರೂ ಭೂಮಿ ಬಿಟ್ಟುಕೊಟ್ಟವರೂ ದೆಹಲಿಯ ಗದ್ದುಗೆಯವರೇ ಎಂಬುದು ಇತಿಹಾಸದ ಒಂದು ವಿನೋದ. ತಿಂಗಳುಗಟ್ಟಲೆ ನಡೆದು ಬಂದ ಕನ್ನಡ ನಾಡಿನ ಭಕ್ತರಿಗೆ ತಮ್ಮ ಮಾತು ಕಿವಿಗೆ ಬೀಳುವ ತಾಣ ಇದಾಗಿತ್ತು.

ಮಠದೊಳಗೆ ಕಾಲಿಟ್ಟವರನ್ನು ಮೊದಲು ನಿಲ್ಲಿಸುವುದು ಲಿಂಗಗಳ ರಾಶಿ. ಅಂಗಳದಲ್ಲಿ, ಮೊಗಸಾಲೆಯಲ್ಲಿ, ಗೋಡೆಯ ಗೂಡುಗಳಲ್ಲಿ ಬೊಗಸೆಯಷ್ಟರಿಂದ ಆಳೆತ್ತರದವರೆಗೆ ಲಕ್ಷಾಂತರ ಲಿಂಗಗಳು ಒತ್ತೊತ್ತಾಗಿ ಕುಳಿತಿವೆ. ಸತ್ತವರ ಹೆಸರಿನಲ್ಲಿ ಅವರ ಮನೆಯವರು ಅರ್ಪಿಸಿದವು ಇವು. ಬೇರೆಯವರು ಕಾಶಿಯಲ್ಲಿ ಪಿಂಡ ಇಡುವಲ್ಲಿ ವೀರಶೈವರು ಲಿಂಗ ಇಡುತ್ತಾರೆ. ಅವರದು ಹೂಳುವ ಸಂಪ್ರದಾಯ. ಚಿತಾಭಸ್ಮವನ್ನು ನೀರಿಗೆ ಬಿಡುವ ಮಾತೇ ಇಲ್ಲ. ಹೀಗಾಗಿ ಇಲ್ಲಿ ಪಿತೃಋಣ ತೀರುವುದು ನದಿಗೆ ಏನನ್ನೂ ಹಾಕದೆ. ಯಾರೂ ನದಿಯನ್ನು ಉಳಿಸಲೆಂದು ಯೋಚಿಸಿ ಈ ಪದ್ಧತಿಯನ್ನು ಮಾಡಿದ್ದಲ್ಲ, ನಿಜ. ಆದರೂ ತಲೆಮಾರಿನ ಮೇಲೆ ತಲೆಮಾರು ಕಲ್ಲಾಗಿ ಕೂಡುತ್ತ ಬಂದ ಆ ಅಂಗಳವನ್ನು ನೋಡುವಾಗ ನಮಗೆ ಕಡಲಡಿಯ ಹವಳದ ದಿಬ್ಬ ನೆನಪಾಗುತ್ತದೆ. ಅದೂ ಸತ್ತ ಜೀವಿಗಳ ಮೇಲೆ ಬದುಕಿರುವ ಜೀವಿಗಳು ಕಟ್ಟಿಕೊಂಡ ಮನೆಯೇ.

ಮಠದಿಂದ ಹತ್ತು ಹದಿನೈದು ನಿಮಿಷ ನಡೆದರೆ ದಶಾಶ್ವಮೇಧ ಘಾಟು. ಅಲ್ಲಿಂದ ಕಾಣುವ ಗಂಗೆಯ ಕಥೆ ಬೇರೆ. 1986ರ ಜೂನ್ 14ರಂದು ಪ್ರಧಾನಿ ರಾಜೀವ್ ಗಾಂಧಿ ಗಂಗಾ ಕ್ರಿಯಾ ಯೋಜನೆಯನ್ನು ಆರಂಭಿಸಿದ್ದು ಇದೇ ವಾರಾಣಸಿಯಲ್ಲಿ. ಅದಕ್ಕೂ ಮುನ್ನ, 1982ರಲ್ಲಿ, ಸಂಕಟಮೋಚನ ದೇವಾಲಯದ ಮಹಂತರಾದ ವೀರಭದ್ರ ಮಿಶ್ರರು ನದಿಯ ಶುದ್ಧಿಗಾಗಿ ಸಂಸ್ಥೆಯೊಂದನ್ನು ಕಟ್ಟಿದ್ದರು. ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲಶಾಸ್ತ್ರದ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಅವರು ಬೆಳಿಗ್ಗೆ ಗಂಗೆಯಲ್ಲಿ ಮುಳುಗೇಳುತ್ತಿದ್ದರು; ಅದೇ ನೀರಿನಲ್ಲಿರುವ ಮಲದ ಬ್ಯಾಕ್ಟೀರಿಯಾಗಳ ಲೆಕ್ಕವನ್ನೂ ಲೋಕಕ್ಕೆ ಹೇಳುತ್ತಿದ್ದರು. ಗಂಗೆ ಪವಿತ್ರೆ ಎಂಬುದೂ ಗಂಗೆಯ ನೀರು ಕೆಟ್ಟಿದೆ ಎಂಬುದೂ ಅವರಿಗೆ ಏಕಕಾಲಕ್ಕೆ ಸತ್ಯವಾಗಿದ್ದವು. 2013ರಲ್ಲಿ ತೀರಿಕೊಳ್ಳುವವರೆಗೂ ಈ ಎರಡರಲ್ಲಿ ಒಂದನ್ನೂ ಅವರು ಬಿಡಲಿಲ್ಲ. ಕಾಶಿಗೆ ಹೋಗುವ ನಮ್ಮವರು ಮೊದಲನೆಯದನ್ನು ಮಾತ್ರ ಹಿಡಿದು ಬರುತ್ತಾರೆಂಬುದು ನಮ್ಮ ಕೊರಗು.

ಆ ಯೋಜನೆಯ ಅಂಗವಾಗಿಯೇ ಹುಟ್ಟಿದ್ದು ಆಮೆಗಳ ಅಭಯಧಾಮ. ಅರೆಬೆಂದ ಹೆಣಗಳು ನದಿಯಲ್ಲಿ ತೇಲುತ್ತಿದ್ದ ಕಾಲ ಅದು. ಮಾಂಸ ತಿನ್ನುವ ಮೆದುಚಿಪ್ಪಿನ ಆಮೆಗಳನ್ನು ಸಾಕಿ ಬಿಟ್ಟರೆ ನದಿ ತಾನಾಗಿ ಶುದ್ಧವಾದೀತೆಂಬ ಯೋಚನೆಯಿಂದ ಸಾವಿರಾರು ಮರಿಗಳನ್ನು ಬಿಟ್ಟರು. 1989ರಲ್ಲಿ ರಾಮನಗರದ ಕೋಟೆಯಿಂದ ಮಾಲವೀಯ ಸೇತುವೆಯವರೆಗಿನ ಸುಮಾರು 7 ಕಿಲೋಮೀಟರ್ ಹರಿವು ಅಭಯಧಾಮವೆಂದು ಘೋಷಿತವಾಯಿತು. ಎಂಬತ್ತಕ್ಕೂ ಮಿಕ್ಕ ಘಾಟುಗಳ ಎದುರಿಗೇ ಕಾಯ್ದಿಟ್ಟ ಜೀವಲೋಕ! ಯೋಜನೆ ಪೂರ್ತಿ ಫಲಿಸಿತೆನ್ನಲಾಗದು. ಕಳ್ಳಬೇಟೆಯೂ ಕೊಳಕೂ ಆಮೆಗಳನ್ನು ಬಾಳಗೊಡಲಿಲ್ಲ. ಆದರೆ ಅಭಯಧಾಮವೆಂಬ ಹೆಸರು ಇರುವವರೆಗೆ ಅಲ್ಲಿ ಮರಳು ತೆಗೆಯುವಂತಿರಲಿಲ್ಲ, ಹೂಳೆತ್ತಿ ಹಡಗಿನ ದಾರಿ ಮಾಡುವುದೂ ಸುಲಭವಿರಲಿಲ್ಲ. 2020ರಲ್ಲಿ ಆ ಹೆಸರನ್ನೇ ತೆಗೆದುಹಾಕಲಾಯಿತು. 2023ರ ಜನವರಿ 13ರಂದು ‘ಗಂಗಾ ವಿಲಾಸ’ ಎಂಬ ಐಷಾರಾಮಿ ಹಡಗು ಇಲ್ಲಿಂದ ದಿಬ್ರುಗಢಕ್ಕೆ ಹೊರಟಿತು. ಎದುರುದಡದ ಮರಳಿನ ಮೇಲೆ ಡೇರೆಗಳ ನಗರ ಎದ್ದದ್ದೂ ಆಗಲೇ. ಅದು ಮುಂದೆ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನೆಗೊಳಗಾಯಿತು.

ಇದೇ ವರ್ಷಗಳಲ್ಲಿ ಥಾಯ್ಲೆಂಡಿನ ಮಾಯಾ ಕೊಲ್ಲಿಯಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಚಲನಚಿತ್ರವೊಂದರಿಂದ ಹೆಸರಾದ ಆ ಪುಟ್ಟ ಕೊಲ್ಲಿಗೆ ದಿನಕ್ಕೆ ಸಾವಿರಾರು ಜನ ನುಗ್ಗಿ, ದೋಣಿಗಳ ಲಂಗರಿಗೆ ಸಿಕ್ಕಿ ಹವಳಗಳು ಪುಡಿಯಾದವು. 2018ರಲ್ಲಿ ಸರ್ಕಾರ ಕೊಲ್ಲಿಯನ್ನೇ ಮುಚ್ಚಿತು. ಹವಳದ ಸಸಿಗಳನ್ನು ನೆಟ್ಟರು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ಜನರಿಗೆ ಮಿತಿಯಿತ್ತು, ದೋಣಿಗಳು ಕೊಲ್ಲಿಯೊಳಕ್ಕೆ ಬರುವಂತಿರಲಿಲ್ಲ. ಅಲ್ಲಿ ಜೀವಿಗಳಿಗಾಗಿ ಪ್ರವಾಸಿಗಳನ್ನು ತಡೆದರು. ಇಲ್ಲಿ ದೋಣಿಗಳಿಗಾಗಿ ಅಭಯವನ್ನು ಹಿಂದೆಗೆದುಕೊಂಡರು. ಕಾಶಿಯನ್ನು ಮುಚ್ಚಲಾಗದು, ಮುಚ್ಚಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ಏಳು ಕಿಲೋಮೀಟರ್ ನೀರನ್ನು ಆಮೆಗಳಿಗೆ ಬಿಡುವುದು ಅಷ್ಟು ದೊಡ್ಡ ತ್ಯಾಗವಾಗಿತ್ತೆ?

ತ್ಯಾಗವೆಂದಾಗ ನಮ್ಮ ಹಿರಿಯರ ಒಂದು ರೂಢಿ ನೆನಪಿಗೆ ಬರುತ್ತದೆ. ಕಾಶಿಗೆ ಹೋದವರು ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುತ್ತಿದ್ದರು. ‘ಹಾಗಲಕಾಯಿ ಬಿಟ್ಟೆ’ ಎಂದು ಜಾಣತನ ತೋರುವವರೂ ಇರುತ್ತಿದ್ದರೆನ್ನಿ. ಈಗ ನಾವು ಅಲ್ಲಿ ಬಿಟ್ಟು ಬರುವುದು ಬಾಟಲಿ, ಪ್ಲಾಸ್ಟಿಕ್ ಚೀಲ, ಹಳೆಯ ಬಟ್ಟೆ.

ಕಾಶಿಗೆ ಹೋಗಿಬರುವವರಿಗೆ ಕರ್ನಾಟಕ ಸರ್ಕಾರ 2022ರಲ್ಲಿ ತಲಾ 5000 ರೂಪಾಯಿ ಸಹಾಯಧನ ಕೊಡಲಾರಂಭಿಸಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ರೈಲೂ ಹೊರಟಿತು. ಹೆಬ್ಬಾಲೆಯ ದತ್ತಿಯ ಮುಂದುವರಿಕೆಯೇ ಇದು ಎಂದು ಹೆಮ್ಮೆಪಡಬಹುದು. ಬಡವರಿಗೂ ವಿಶ್ವನಾಥನ ದರ್ಶನವಾಗಲೆಂಬುದನ್ನು ಒಪ್ಪದವರು ಯಾರು? ಆದರೆ ಈ ಹಣ ರೈಲಿನ ಟಿಕೆಟ್ಟಿಗೆ, ವಸತಿಗೆ, ಊಟಕ್ಕೆ ಮುಗಿಯುತ್ತದೆ. ನಮ್ಮ ಸ್ನಾನದ ಖರ್ಚು ಮಾತ್ರ ಗಂಗೆಯ ಲೆಕ್ಕಕ್ಕೇ ಉಳಿಯುತ್ತದೆ.

ಯಾತ್ರೆ ಮುಗಿಸಿದವರು ಬಾಯಿಗೆ ಬೆಸುಗೆ ಹಾಕಿಸಿದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ಮನೆಗೆ ತರುತ್ತಾರೆ. ಒಂದನ್ನು ಸಮಾರಾಧನೆಯ ದಿನ ಒಡೆದು ಬಂಧುಗಳಿಗೆಲ್ಲ ತೀರ್ಥವಾಗಿ ಕೊಡುವುದುಂಟು. ಇನ್ನೊಂದು ದೇವರ ಗೂಡಿನಲ್ಲಿ ಉಳಿಯುತ್ತದೆ. ಮುಂಬಯಿಯ ಚಾಳುಗಳಿಂದ ದುಬೈಯ ಫ್ಲಾಟುಗಳವರೆಗೆ ಎಷ್ಟೋ ಕನ್ನಡ ಮನೆಗಳಲ್ಲಿ ಅದು ಇಂದಿಗೂ ಮನೆಯ ಹಿರಿಯರ ಕೊನೆಯ ಗುಟುಕಿಗಾಗಿ ಕಾದು ಕುಳಿತಿದೆ.