ನೂರು ತುಂಬಿದ ಶಾಲೆ ಮತ್ತು ಒಂದು ರಿಜಿಸ್ಟರ್

2019ರ ಡಿಸೆಂಬರಿನಲ್ಲಿ ನಮ್ಮೂರ ಶಾಲೆಯ ಶತಮಾನೋತ್ಸವಕ್ಕೆ ಹೋಗಿದ್ದೆ. ಬರೀಬೇಕು ಬರೀಬೇಕು ಅಂದುಕೊಳ್ಳುತ್ತಲೇ ಇಷ್ಟು ವರ್ಷ ಕಳೆದುಹೋಯ್ತು. ಕೋಟ, ಕುಂದಾಪುರಗಳ ನಡುವೆ ಹೆದ್ದಾರಿಯಿಂದ ಕಡಲ ಕಡೆಗೆ ತಿರುಗಿದರೆ ಸಿಗುವ ಶಾಲೆ ಅದು. ಹೆಸರು ಬೇಡ ಬಿಡಿ. ಕರಾವಳಿಯ ಯಾರು ಓದಿದರೂ ತಮ್ಮೂರಿನದ್ದೇ ಅಂದುಕೊಳ್ಳುವಷ್ಟು ಸಾಮಾನ್ಯ ಶಾಲೆ.

ಆವತ್ತು ಬಸ್ಸಿನಲ್ಲಿ ಹೋಗುತ್ತಾ ಒಂದು ಯೋಚನೆ ಬಂತು. ನಮ್ಮ ಕಡೆ ಶತಮಾನೋತ್ಸವ ಮಾಡೋದು ಶಾಲೆಗೆ, ಬ್ಯಾಂಕಿಗೆ, ಇಲ್ಲವೇ ದೊಡ್ಡವರ ಜನ್ಮದಿನಕ್ಕೆ. ಊರಿಗೆ ಯಾಕೆ ಮಾಡಲ್ಲ? ಮಾಡೋದಾದರೂ ಎಲ್ಲಿಂದ ಎಣಿಸೋದು ಹೇಳಿ! ಕುಂದಾಪುರದ ಪಕ್ಕದ ಬಸ್ರೂರನ್ನೇ ತಗೊಳ್ಳಿ. ಈಗ ಸಣ್ಣ ಊರು, ಒಂದು ಕಾಲಕ್ಕೆ ಅಕ್ಕಿ ತುಂಬಿದ ಹಡಗುಗಳು ಹೊರಡುತ್ತಿದ್ದ ದೊಡ್ಡ ಬಂದರು. ಪೋರ್ಚುಗೀಸರು ಅದನ್ನು ಬಾರ್ಸೆಲೋರ್ ಅಂತ ಬರೆದಿಟ್ಟರು. ಶಿವಾಜಿ 1665ರ ಫೆಬ್ರವರಿಯಲ್ಲಿ ಸಮುದ್ರದ ದಾರಿಯಲ್ಲಿ ಬಂದು ದಾಳಿ ಮಾಡಿದ್ದೂ ಇದೇ ಬಸ್ರೂರಿನ ಮೇಲೆ. ಕುಂದಾಪುರಕ್ಕೆ ಹೆಸರು ಕೊಟ್ಟದ್ದು ಕುಂದೇಶ್ವರ ಅಂತಾರೆ, ಆ ದೇವರಿಗೆ ವಯಸ್ಸು ಎಷ್ಟು ಅಂತ ಕೇಳುವ ಧೈರ್ಯ ಯಾರಿಗಿದೆ :) ಹಾಗಾಗಿ ನೂರು ಎಣಿಸಬೇಕಾದರೆ ಹುಟ್ಟಿದ ತಾರೀಖು ಕಾಗದದಲ್ಲಿ ಇರಬೇಕು.

ಕೋಟದ ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10, ಹಾಗಾಗಿ 2002ಕ್ಕೆ ನೂರು. ಬೈಂದೂರು ಕಡೆಯ ಮೊಗೇರಿಯ ಗೋಪಾಲಕೃಷ್ಣ ಅಡಿಗರು 1918ರವರು, 2018ಕ್ಕೆ ನೂರು. ಬ್ಯಾಂಕುಗಳ ಕತೆಯೇ ಬೇರೆ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2006ರಲ್ಲಿ ನೂರು ತುಂಬಿಸಿಕೊಂಡಿತು. 1925ರ ಸಿಂಡಿಕೇಟ್ ಬ್ಯಾಂಕಿಗೆ ಅದೂ ಸಿಗಲಿಲ್ಲ. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡು ಬೆಳೆದ ಬ್ಯಾಂಕು ಅದು. 2020ರ ಏಪ್ರಿಲ್ 1ರಂದು ಇವೆರಡೂ ಬೇರೆ ಬ್ಯಾಂಕುಗಳೊಳಗೆ ಕರಗಿಹೋದವು. ನೂರಕ್ಕೆ ಬರೀ ಐದು ವರ್ಷ ಇತ್ತು ನೋಡಿ ಸಿಂಡಿಕೇಟಿಗೆ!

ನಮ್ಮ ಶಾಲೆಯ ನೂರು ಕೂಡಾ ಕಾಗದದ್ದೇ. 1919 ಅಂತ ಇರುವುದು ಮಾನ್ಯತೆ ಸಿಕ್ಕ ವರ್ಷ. ಅದಕ್ಕೂ ಮೊದಲು ಅದೇ ಜಾಗದಲ್ಲಿ ಐಗಳ ಮಠ ಇತ್ತು ಅಂತ ಹಳಬರು ಹೇಳುತ್ತಿದ್ದರು. ಒಬ್ಬರೇ ಐಗಳು, ಜಗಲಿಯೇ ತರಗತಿ, ಮರಳ ಮೇಲೆ ಬೆರಳಿನಿಂದ ಅಕ್ಷರ. ಆಮೇಲೆ ಮದ್ರಾಸು ಸರಕಾರದ 1920ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ನಮ್ಮ ಕಡೆಯ ಎಷ್ಟೋ ಶಾಲೆಗಳು ಆ ಕಾಲದ ಆಸುಪಾಸಿನವು. ಈಚಿನ ವರ್ಷಗಳಲ್ಲಿ ದಾರಿಯುದ್ದಕ್ಕೂ ಶತಮಾನೋತ್ಸವದ ಬ್ಯಾನರ್ ಕಾಣಿಸಿದ್ದು ಅದಕ್ಕೇ ಇರಬೇಕು.

ಈ ನೂರು ವರ್ಷದಲ್ಲಿ ಶಾಲೆ ಕೂತಲ್ಲಿಂದ ಒಂದಡಿ ಕದಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಲೇ ಹೋಯ್ತು. ಹುಟ್ಟಿದ್ದು ಮದ್ರಾಸು ಪ್ರಾಂತ್ಯದಲ್ಲಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 1997ರಲ್ಲಿ ಉಡುಪಿ ಜಿಲ್ಲೆ. 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲೂಕುಗಳಾದಾಗ ಮತ್ತೆ ಬೋರ್ಡಿಗೆ ಬಣ್ಣ. ಆ ಬೋರ್ಡಿನ ಕೆಳಗೆ ಹಳೆಯ ಹೆಸರುಗಳು ಪದರ ಪದರವಾಗಿ ಇರಬಹುದು.

ಸರಿ, ಸಮಾರಂಭಕ್ಕೆ ಬರ್ತೀನಿ. ಮೊದಲ ದಿನ ಹೊರೆಕಾಣಿಕೆ ಮತ್ತು ಪುರಮೆರವಣಿಗೆ. ಮುಂದೆ ತಟ್ಟಿರಾಯ, ಅದರ ಹಿಂದೆ ಚೆಂಡೆ, ಕಲಶ ಹಿಡಿದ ಹೆಂಗಸರು, ಅಕ್ಕಿ ತೆಂಗಿನಕಾಯಿ ಬಾಳೆಗೊನೆ ತುಂಬಿದ ಟೆಂಪೋಗಳು. ಎಲ್ಲಕ್ಕಿಂತ ಹಿಂದೆ, ಯಾರೂ ನಿರೀಕ್ಷಿಸದ ಹಾಗೆ, ಕೆಂಪು ಬಣ್ಣದ ಅಗ್ನಿಶಾಮಕ ವಾಹನ! ಅದರ ಜೊತೆ ಎರಡು ಸಾಲಿನಲ್ಲಿ ಬೂಟು ಕುಟ್ಟುತ್ತಾ ಬಂದ ಸಿಬ್ಬಂದಿ. ಅವರಲ್ಲೊಬ್ಬರು ಇದೇ ಶಾಲೆಯ ಹಳೆ ವಿದ್ಯಾರ್ಥಿ. ಮಕ್ಕಳಿಗೆ ತಟ್ಟಿರಾಯನೂ ಬೇಡ, ಚೆಂಡೆಯೂ ಬೇಡ, ಎಲ್ಲಾ ಆ ಗಾಡಿಯ ಹಿಂದೆಯೇ ಓಡಿದವು. ಸಂಜೆ ಮೈದಾನದಲ್ಲಿ ಹುಲ್ಲಿನ ಸಣ್ಣ ಗುಡಿಸಲು ಕಟ್ಟಿ, ಬೆಂಕಿ ಹಚ್ಚಿ, ನೀರು ಹಾರಿಸಿ ಆರಿಸಿ ತೋರಿಸಿದರು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಯಾರೂ ನೋಡಿರಲಿಲ್ಲ. ಮುಂದಿನ ಸಾಲಿನ ಗಣ್ಯರೆಲ್ಲ ಒದ್ದೆ.

ನಗುವಿನ ನಡುವೆ ನನ್ನ ಪಕ್ಕ ಕೂತಿದ್ದ ಮುದುಕರೊಬ್ಬರು ಮಾತ್ರ ಸುಮ್ಮನಿದ್ದರು. ಶಾಲೆಯೂ ಮೊದಲು ಹೀಗೇ ಮುಳಿಹುಲ್ಲಿನದ್ದಂತೆ. ಬೇಸಿಗೆ ಬಂತೆಂದರೆ ಒಲೆಯ ಕಿಡಿಗೂ ಹೆದರಬೇಕಾದ ಕಾಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲೇ ಹೆಂಚಿನ ಕಾರ್ಖಾನೆ ಶುರುಮಾಡಿತ್ತು, ಮುಂದೆ ಕುಂದಾಪುರದ ಹೊಳೆಬದಿಯಲ್ಲೂ ಕಾರ್ಖಾನೆಗಳು ಎದ್ದವು. ಆದರೂ ಬಡವರ ಮಾಡಿಗೆ ಹೆಂಚು ಬರಲು ಎಷ್ಟೋ ದಶಕ ಬೇಕಾಯ್ತು.

ಆಮೇಲೆ ಆ ಹಳೆ ವಿದ್ಯಾರ್ಥಿ ಮೈಕು ಹಿಡಿದರು. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ ಯಾಕೆ ಗೊತ್ತಾ ಅಂತ ಕೇಳಿದರು. 1944ರ ಆ ದಿನ ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನೋ ಹಡಗು ಹತ್ತಿಕೊಂಡಿತು. ಒಳಗೆ ಹತ್ತಿಯ ಅಂಡಿಗೆ, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಸಂಜೆ ನಾಲ್ಕರ ಹೊತ್ತಿಗೆ ಸಿಡಿಯಿತು. ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಅಲ್ಲೇ ಹೋದರು. ನಮ್ಮ ಕಡೆಯ ಸಭೆಯಲ್ಲಿ ಬೊಂಬಾಯಿ ಅಂದರೆ ದೂರದ ಊರಲ್ಲ. ಆ ಕಾಲಕ್ಕೆ ಅಲ್ಲಿನ ಹೋಟೆಲುಗಳಲ್ಲಿ ಗ್ಲಾಸು ತೊಳೆಯುತ್ತಿದ್ದ ಎಷ್ಟೋ ಹುಡುಗರು ಇಂಥ ಶಾಲೆಗಳಿಂದಲೇ ಹೋದವರು. ಸಭೆ ಒಮ್ಮೆಗೇ ತಣ್ಣಗಾಯ್ತು.

ಆ ಹುಡುಗರನ್ನು ನಾನು ಮರುದಿನ ನೋಡಿದೆ, ವಸ್ತುಪ್ರದರ್ಶನದಲ್ಲಿ. ಏಳನೇ ತರಗತಿಯ ಕೋಣೆಯಲ್ಲಿ ಕಳಸಿಗೆ, ಸೇರು, ಮರದ ನೇಗಿಲು, ತಾಳೆಗರಿ, ಗ್ಯಾಸ್‌ಲೈಟು ಎಲ್ಲಾ ಇಟ್ಟಿದ್ದರು. ಇವೆಲ್ಲ ಎಲ್ಲಾ ಪ್ರದರ್ಶನದಲ್ಲೂ ಇರುವಂಥದ್ದೇ. ಮೂಲೆಯ ಮೇಜಿನ ಮೇಲೆ, ಬಹುಶಃ ಜಾಗ ತುಂಬಿಸಲಿಕ್ಕೆ, ಹಳೆಯ ಅಡ್ಮಿಷನ್ ರಿಜಿಸ್ಟರ್ ತೆರೆದಿಟ್ಟಿದ್ದರು. ಜನ ಮುತ್ತಿದ್ದು ಅಲ್ಲಿ.

"ಹ್ವಾಯ್, ನನ್ನ ಹೆಸ್ರ್ ಇತ್ತಾ ಕಾಣಿ ಮರಾಯ್ರೆ" ಅಂತ ಬೊಂಬಾಯಿಯಿಂದ ಬಂದ ಹಿರಿಯರೊಬ್ಬರು ಕನ್ನಡಕ ಹುಡುಕುತ್ತಿದ್ದರು. ಇತ್ತು. ಹೆಸರು, ಅಪ್ಪನ ಹೆಸರು, ಜಾತಿ, ಹುಟ್ಟಿದ ದಿನ (ಇದು ಐಗಳ ಅಂದಾಜು), ಸೇರಿದ ದಿನ, ಬಿಟ್ಟ ದಿನ. ಕೊನೆಯ ಕಾಲಮ್ಮು: ಬಿಡಲು ಕಾರಣ. ಅವರ ಮುಂದೆ ಒಂದೇ ಪದ, "ಬೊಂಬಾಯಿ". ಅದರ ಮೇಲಿನವನಿಗೂ ಅದೇ, ಎರಡು ಸಾಲು ಕೆಳಗೂ ಅದೇ. ಹತ್ತು ಹನ್ನೊಂದು ವಯಸ್ಸಿನ ಹುಡುಗರು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಇವರು ಹೋದದ್ದು ಕಡಲ ಮೇಲೆ, ಇಲ್ಲವೇ ಘಟ್ಟ ಹತ್ತಿ. ಅಲ್ಲಿ ಹೋಟೆಲು ಮುಚ್ಚಿದ ಮೇಲೆ ಕನ್ನಡ ರಾತ್ರಿಶಾಲೆಗೆ ಹೋಗಿ ಓದು ಮುಂದುವರಿಸಿದವರೂ ಇದ್ದರು. ಆ ಹಿರಿಯರೂ ಹಾಗೆಯೇ ಎಸ್ಸೆಸ್ಸೆಲ್ಸಿ ಮುಗಿಸಿದವರಂತೆ. ಹುಡುಗಿಯರ ಮುಂದೆ ಬೊಂಬಾಯಿ ಇಲ್ಲ. "ಮನೆಕೆಲಸ" ಅಂತಿದೆ. ಪುಟಗಟ್ಟಲೆ.

ಹಾಗೇ ಪುಟ ತಿರುಗಿಸುತ್ತಿದ್ದೆ. 1936ರ ಜೂನ್. ನನ್ನ ಅಮ್ಮಮ್ಮನ ಹೆಸರು.

ನಂಬಲಿಕ್ಕಾಗದೆ ಮುತ್ತಜ್ಜನ ಹೆಸರು ಮತ್ತೆ ಮತ್ತೆ ಓದಿದೆ, ಮನೆ ಹೆಸರು ಓದಿದೆ. ಅವಳೇ. ತಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಅಂತ ಜೀವಮಾನವಿಡೀ ಹೇಳಿದವಳು! 1974ರ ನಂತರ ಗೇಣಿ ಭೂಮಿಗೆ ಡಿಕ್ಲರೇಶನ್ ಕೊಡುವಾಗ ಹೆಬ್ಬೆಟ್ಟು ಒತ್ತಿದವಳು. ರಿಜಿಸ್ಟರಿನ ಪ್ರಕಾರ ಒಂದು ವರ್ಷ ಎರಡು ತಿಂಗಳು ಶಾಲೆಗೆ ಹೋಗಿದ್ದಾಳೆ, ಒಂದನೇ ಕ್ಲಾಸು ಪಾಸಾಗಿದ್ದಾಳೆ. ಕಾರಣ, ಮನೆಕೆಲಸ. ಆಗ ನೆನಪಾಯ್ತು, ನಾವು ಸಣ್ಣವರಿರುವಾಗ ಅವಳು ಕುಂದಾಪುರದ ಬಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳದೆ ಸರಿಯಾದ ಬಸ್ಸೇ ಹತ್ತುತ್ತಿದ್ದಳು. ಹೇಗೆ ಗೊತ್ತಾಯ್ತು ಅಂದರೆ "ಬಣ್ಣ ಕಂಡ್ರೆ ಗೊತ್ತಾತಿಲ್ಯಾ" ಅನ್ನುತ್ತಿದ್ದಳು. ಬಸ್ಸುಗಳಿಗೆ ಬಣ್ಣ ಬದಲಾದ ಮೇಲೂ ತಪ್ಪಿದ್ದು ನನಗೆ ನೆನಪಿಲ್ಲ. ಓದಲು ಬರುತ್ತಿತ್ತಾ? ಬಂದರೆ ಯಾಕೆ ಮುಚ್ಚಿಟ್ಟಳು? ಕೇಳೋಣವೆಂದರೆ ಅವಳಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಹೇಳಿದರೆ ಅವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಶತಮಾನೋತ್ಸವಕ್ಕೆ ಸೇರಿದ್ದು ಎರಡು ಸಾವಿರ ಜನ. ರಂಗಮಂದಿರ ಕಟ್ಟಿದರು, ಕೊನೆಯ ರಾತ್ರಿ ಯಕ್ಷಗಾನ ಬೆಳಗಿನವರೆಗೂ ನಡೆಯಿತು. ಆ ವರ್ಷ ಶಾಲೆಯಲ್ಲಿದ್ದ ಮಕ್ಕಳು ಮೂವತ್ತೊಂದು. ವೇದಿಕೆಯಲ್ಲಿ ಭಾಷಣ ಮಾಡಿದವರ ಮೊಮ್ಮಕ್ಕಳು, ನನ್ನ ಮಗಳನ್ನೂ ಸೇರಿಸಿ, ಹಳದಿ ಬಸ್ಸಿನಲ್ಲಿ ಬೇರೆ ಶಾಲೆಗಳಿಗೆ ಹೋಗುವವರೇ. ಆ ಬಗ್ಗೆ ದೊಡ್ಡ ಮಾತಾಡುವ ಬಾಯಿ ನನಗಿಲ್ಲ.

ರಿಜಿಸ್ಟರಿನ ಅಂಚುಗಳನ್ನು ಗೆದ್ದಲು ತಿನ್ನುತ್ತಿತ್ತು. ಫೋಟೋ ತೆಗೆದರೆ ಮಾಸಿದ ಶಾಯಿ ಸರಿಯಾಗಿ ಮೂಡುವುದಿಲ್ಲ. ಹೆಡ್ ಮೇಷ್ಟ್ರನ್ನು ಕೇಳಿದೆ, ಶಾಲೆಯಲ್ಲೇ ಕೂತು ಬರೆದುಕೊಳ್ಳುವುದಾದರೆ ಅಡ್ಡಿಯಿಲ್ಲ ಅಂದರು. ಅಲ್ಲಿಂದೀಚೆಗೆ ಊರಿಗೆ ಹೋದಾಗಲೆಲ್ಲ ಒಂದೆರಡು ಗಂಟೆ ಅಲ್ಲೇ ಕೂರುತ್ತೇನೆ. ಬಿಸಿಯೂಟದ ಸಾರಿನ ಪರಿಮಳ ಬರುವ ಹೊತ್ತಿಗೆ ಎದ್ದು ಬರುತ್ತೇನೆ. ಸದ್ಯ 1941ರವರೆಗೆ ಆಗಿದೆ. ಆ ವರ್ಷದ ಐಗಳ ಅಕ್ಷರ ಮಾತ್ರ ಓದಲಿಕ್ಕೇ ಆಗುತ್ತಿಲ್ಲ, ಮಾರಾಯ್ರೆ.