ಪೈಥಾನ್‌ನ ಒಂದು ರಿಪೇರಿ, ಏಳು ವರ್ಷ

ನಾನು ಓದಿದ್ದು ಬಿಕಾಂ, ಹಾಗಾಗಿ ಇವತ್ತಿನ ಕಥೆಯನ್ನ ಲೆಕ್ಕದ ಪುಸ್ತಕದಿಂದಲೇ ಶುರು ಮಾಡ್ತೀನಿ. ಲೆಡ್ಜರ್‌ನಲ್ಲಿ ಮೊತ್ತದ ಕಾಲಂ ಇರುತ್ತಲ್ಲ, ಅಲ್ಲಿ ಯಾರೂ ‘ನಾಳೆ ಕೊಡ್ತಾನಂತೆ’ ಅಂತ ಬರೆಯಲ್ಲ. ಎಲ್ಲಿ ಸಂಖ್ಯೆ, ಎಲ್ಲಿ ಹೆಸರು ಅನ್ನೋದು ಮೊದಲೇ ನಿಗದಿ. ಪ್ರೋಗ್ರಾಮಿಂಗ್‌ನಲ್ಲಿ ಇದಕ್ಕೆ ಟೈಪ್ ಅಂತಾರೆ. 1991ರಲ್ಲಿ ಗೀಡೊ ವಾನ್ ರೋಸಮ್ ಹೊರತಂದ ಪೈಥಾನ್‌ನಲ್ಲಿ ಈ ಗೋಜೇ ಇರಲಿಲ್ಲ. ಬರೆಯೋಕೆ ಸಲೀಸು, ನಿಜ. ಆದರೆ ಕೋಡ್ ಲಕ್ಷಗಟ್ಟಲೆ ಸಾಲಿಗೆ ಬೆಳೆದಾಗ, ಈ ಹೆಸರಿನೊಳಗೆ ಇರೋದು ಸಂಖ್ಯೆನಾ, ಪಠ್ಯನಾ, ಏನೂ ಇಲ್ವಾ ಅಂತ ಹುಡುಕೋದರಲ್ಲೇ ದಿನ ಹೋಗುತ್ತೆ.

ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದ ಯೂಕ್ಕಾ ಲೆಹ್ಟೊಸಾಲೊ ‘ಮೈಪೈ’ ಶುರು ಮಾಡಿದಾಗ, ಅದು ಪೈಥಾನ್‌ನ ಹೋಲುವ ಬೇರೆಯೇ ಭಾಷೆ. 2013ರ ಪೈಕಾನ್ ಸಮ್ಮೇಳನದಲ್ಲಿ ಗೀಡೊ ಜೊತೆ ಮಾತಾಡಿದ ಮೇಲೆ ಅದನ್ನ ಮಾಮೂಲಿ ಪೈಥಾನ್‌ಗೇ ಹೊಂದಿಸಿದರು. 2015ರಲ್ಲಿ, ಪೈಥಾನ್ 3.5ರ ಹೊತ್ತಿಗೆ, ಟೈಪ್ ಬರೆಯೋ ಪದ್ಧತಿ ಅಧಿಕೃತ ಆಯ್ತು. ಜೊತೆಗೆ ಒಂದು ಮಾತು ಕೊಟ್ಟರು: ಇದು ಯಾವತ್ತೂ ಕಡ್ಡಾಯ ಆಗಲ್ಲ. ಬರೆದ ಕಡೆ ತಪಾಸಣೆ, ಬರೆಯದ ಕಡೆ ಹಳೇ ಸ್ವಾತಂತ್ರ್ಯ. ಇದೇ ಗ್ರಾಜುಯಲ್ ಟೈಪಿಂಗ್. ಮೈಪೈ ಒಂಥರಾ ಆಡಿಟರ್: ಪುಸ್ತಕ ನೋಡಿ ತಪ್ಪು ಹೇಳ್ತಾನೆ, ಅಂಗಡಿ ಬಾಗಿಲು ಹಾಕಿಸಲ್ಲ.

ತಕರಾರು ಶುರುವಾಗಿದ್ದು ಆಮೇಲೆ. ಪೈಥಾನ್ ಕೋಡನ್ನ ಮೇಲಿಂದ ಕೆಳಕ್ಕೆ ಓದುತ್ತೆ. ಟೈಪ್ ಟಿಪ್ಪಣಿ ಕಂಡ ತಕ್ಷಣ ಅದರ ಅರ್ಥ ಹುಡುಕ್ತಿತ್ತು. ಕೆಳಗೆ ಬರಬೇಕಾದ ಹೆಸರನ್ನ ಮೇಲೇ ಬರೆದರೆ ‘ಇದ್ಯಾರೋ ಗೊತ್ತಿಲ್ಲ’ ಅಂತ ಎರರ್. ಅದಕ್ಕೆ ವುಕಾಶ್ ಲಾಂಗಾ ಒಂದು ಉಪಾಯ ಕೊಟ್ಟರು. ಟಿಪ್ಪಣಿಗಳನ್ನೆಲ್ಲ ಬರೀ ಅಕ್ಷರಗಳಾಗಿ ಎತ್ತಿಟ್ಟುಬಿಡೋಣ, ಅರ್ಥ ಬೇಕಾದವರು ಆಮೇಲೆ ಬಿಡಿಸಿಕೊಳ್ಳಲಿ. 2018ರ 3.7ರಲ್ಲಿ, ಬೇಕಾದವರು ಫೈಲಿನ ಮೇಲೆ ಒಂದು ಸಾಲು ಸೇರಿಸಿ ಇದನ್ನ ಬಳಸಬಹುದಿತ್ತು. 3.10ರಿಂದ ಎಲ್ಲರಿಗೂ ಅನ್ವಯ ಅನ್ನೋದು ಪ್ಲಾನ್.

ಆದರೆ ಅಷ್ಟರಲ್ಲಿ ಜನ ಈ ಟಿಪ್ಪಣಿಗಳನ್ನ ಬೇರೆಯೇ ಕೆಲಸಕ್ಕೆ ಹಚ್ಚಿದ್ದರು. ವಯಸ್ಸಿನ ಜಾಗದಲ್ಲಿ ನೀವು ಹೆಸರು ತುಂಬಿದರೆ ವೆಬ್‌ಸೈಟ್ ಬೇಡ ಅನ್ನುತ್ತಲ್ಲ, ಪೈಡಾಂಟಿಕ್, ಫಾಸ್ಟ್‌ಎಪಿಐ ಥರದ ಸಾಧನಗಳು ಆ ಪರೀಕ್ಷೆ ಮಾಡೋದು ಪ್ರೋಗ್ರಾಂ ಓಡ್ತಿರುವಾಗಲೇ, ಇದೇ ಟಿಪ್ಪಣಿ ಓದಿ. ಅಕ್ಷರವಾಗಿ ಇಟ್ಟಿದ್ದನ್ನ ಮತ್ತೆ ಅರ್ಥಕ್ಕೆ ತರೋದು ಎಲ್ಲ ಸಲವೂ ಆಗಲ್ಲ. ಒಂದು ಫಂಕ್ಷನ್ ಒಳಗೆ ಹುಟ್ಟಿದ ಹೆಸರು ಹೊರಗಿಂದ ಹುಡುಕಿದರೆ ಸಿಗೋದೇ ಇಲ್ಲ. 2021ರ ಏಪ್ರಿಲ್‌ನಲ್ಲಿ ಪೈಡಾಂಟಿಕ್ ಕಡೆಯವರು ಕೂಗಿ ಹೇಳಿದರು: ಇದು ಜಾರಿಗೆ ಬಂದರೆ ನಮ್ಮ ಕೋಡ್ ಕೆಡುತ್ತೆ. 3.10ರ ಬೀಟಾಗೆ ಕೆಲವೇ ವಾರ ಬಾಕಿ. ಸ್ಟೀರಿಂಗ್ ಕೌನ್ಸಿಲ್ ಬದಲಾವಣೆಯನ್ನ ಮುಂದೂಡಿತು. ಮೂರು ವರ್ಷದಿಂದ ಘೋಷಿಸಿದ್ದ ಪ್ಲಾನನ್ನ ಕೊನೇ ಗಳಿಗೆಯಲ್ಲಿ ತಡೆಯೋಕೆ ಧೈರ್ಯ ಬೇಕು, ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಅತ್ಯಂತ ಒಳ್ಳೇ ತೀರ್ಮಾನ ಅದೇ.

ಕೊನೆಗೆ ಗೆದ್ದಿದ್ದು ಲ್ಯಾರಿ ಹೇಸ್ಟಿಂಗ್ಸ್ ಯೋಚನೆ. ಟಿಪ್ಪಣಿಯ ಅರ್ಥವನ್ನ ಈಗಲೇ ಹುಡುಕೋದೂ ಬೇಡ, ಅಕ್ಷರ ಮಾಡಿಡೋದೂ ಬೇಡ, ಯಾರಾದರೂ ಕೇಳಿದಾಗ ಹುಡುಕಿದರಾಯ್ತು. 2023ರಲ್ಲಿ ಒಪ್ಪಿಗೆ ಸಿಕ್ಕಿ, 2025ರ ಅಕ್ಟೋಬರ್‌ನಲ್ಲಿ ಪೈಥಾನ್ 3.14ರ ಜೊತೆ ಎಲ್ಲರ ಕೈಗೆ ಬಂತು.

2018ರ ಆ ಒಂದು ಸಾಲನ್ನ ನಂಬಿ ಬರೆದ ಹಳೇ ಕೋಡ್ ಏನಾಯ್ತು ಅಂತೀರಾ? ಅದು 3.14ರಲ್ಲೂ ಓಡುತ್ತೆ. 3.13ರ ಅವಧಿ ಮುಗಿಯೋದು 2029ರಲ್ಲಿ, ಅಲ್ಲೀವರೆಗೆ ಆ ಸಾಲನ್ನ ಮುಟ್ಟಲ್ಲ ಅಂತ ಬರೆದಿಟ್ಟಿದ್ದಾರೆ.