ಯಳಂದೂರಿನ ಜಹಗೀರುದಾರರ ತೈಲಚಿತ್ರವೂ ಮಿತವರ್ಣದ ವಿಧಾನವೂ

ಕೊಳ್ಳೇಗಾಲ, ಹನೂರು, ಯಳಂದೂರುಗಳು ಇಂದು ಒಂದೇ ಚಾಮರಾಜನಗರ ಜಿಲ್ಲೆಯೊಳಗಿರುವುವಾದರೂ ಪೂರ್ವದಲ್ಲಿ ಇವಕ್ಕೆ ಆಡಳಿತವೊಂದಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಕೊಳ್ಳೇಗಾಲದ ಸೀಮೆಯು ಇಂಗ್ಲಿಷರ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರವರೆಗೂ ಮದರಾಸಿಗೆ ಅಧೀನವಾಗಿದ್ದಿತು. ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಷಡಕ್ಷರದೇವನು ಬಾಳಿದ ಆ ಊರಿನ ಮಹಿಮೆಯನ್ನು ಶಿವಭಕ್ತರಿಗೆ ಬೇರೆ ಹೇಳಬೇಕಾದುದಿಲ್ಲ.

ಜಹಗೀರು ದೊರೆಯುವುದಕ್ಕೆ ಸುಮಾರು ಆರು ವರ್ಷ ಮೊದಲೇ ಪೂರ್ಣಯ್ಯನವರ ಮುಖವು ತೈಲವರ್ಣದಲ್ಲಿ ಚಿತ್ರಿತವಾಗಿದ್ದಿತು. ಬರೆದವನು ಥಾಮಸ್ ಹಿಕಿ. 1741ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿ 1824ರಲ್ಲಿ ಮದರಾಸಿನಲ್ಲಿ ತೀರಿಕೊಂಡ ಈತನು, ಯುದ್ಧಾನಂತರ ಶ್ರೀರಂಗಪಟ್ಟಣದಲ್ಲಿ ಅನೇಕರ ಮುಖಗಳನ್ನು ಸೀಮೆಸುಣ್ಣದ ರೇಖೆಗಳಲ್ಲಿ ಹಿಡಿದಿಟ್ಟವನು. ದಿವಾನರ ಚಿತ್ರವು ಈಗ ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ಚಿತ್ರಶಾಲೆಯಲ್ಲಿದೆ. ಯಳಂದೂರಿನವರು ಅದನ್ನು ನೋಡಬೇಕಾದರೆ ಸಮುದ್ರವನ್ನೇ ದಾಟಬೇಕು!

ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಾರರು ಮಕ್ಕುಸೊಪ್ಪೆಯ ಮೇಲೆ ಚಿನ್ನದ ರೇಕನ್ನಿಟ್ಟು ಬರೆದ ಮೂರ್ತಿಗಳನ್ನು ಲಕ್ಷಣದಿಂದ ಗುರುತಿಸಬೇಕು. ತೈಲಚಿತ್ರದಲ್ಲಿಯಾದರೆ ಗುರುತು ಬೆಳಕಿನಿಂದ. ಇದಕ್ಕೆ ವರ್ಣಬಾಹುಳ್ಯವು ಬೇಕೆಂಬುದು ಭ್ರಮೆಯೇ ಸರಿ. ಗ್ರೀಕರ ಅಪೆಲ್ಲಿಸನು ಬಿಳಿ, ಹಳದಿ, ಕೆಂಪು, ಕಪ್ಪು ಎಂಬ ನಾಲ್ಕರಿಂದಲೇ ಬರೆದನೆಂದು ರೋಮಿನ ಪ್ಲಿನಿಯು ಹೇಳಿರುವನು. ಹಳದಿಮಣ್ಣು, ಇಂಗುಲಿಕ, ಬಿಳುಪು ಇವು ಅಗಸೆಯೆಣ್ಣೆಯಲ್ಲಿ ಕೂಡಿದರೆ ಚರ್ಮದ ಕಾಂತಿಯು ಬರುವುದು. ಕಪ್ಪು ಸೇರಿದರೆ ನೆರಳು. ನೆರಳನ್ನು ತೆಳುವಾಗಿಯೂ ಬೆಳಕನ್ನು ದಪ್ಪವಾಗಿಯೂ ಹಚ್ಚುವುದು ಕ್ರಮ. ನೀಲಿಯೇ ಇಲ್ಲದಿದ್ದರೂ, ಕಪ್ಪುಬಿಳುಪುಗಳ ಬೂದುಬಣ್ಣವು ಕೆಂಪಿನ ಪಕ್ಕದಲ್ಲಿ ನೀಲಿಯಂತೆಯೇ ತೋರುವುದು. ಗುರುಗಳ ಚಿತ್ರಕ್ಕೆ ಇದಕ್ಕಿಂತ ಒಪ್ಪುವ ವರ್ಣಸಮೂಹವು ಬೇರೊಂದಿಲ್ಲ: ಕಾವಿಯೂ ರುದ್ರಾಕ್ಷಿಯೂ ಇವುಗಳಲ್ಲಿಯೇ ಅಡಗಿವೆ. ವಿಭೂತಿಗೆ ಮಾತ್ರ ಶುದ್ಧ ಬಿಳುಪನ್ನು ಹಚ್ಚಲಾಗದು. ಹಚ್ಚಿದರೆ ಅದು ಹಣೆಯನ್ನು ಬಿಟ್ಟು ಮುಂದಕ್ಕೆ ಬಂದಂತೆ ಕಾಣುವುದು. ಹಣೆಯ ತಿರುವಿನೊಡನೆ ಅದೂ ಮಸುಕಾಗಬೇಕು.

ರವಿವರ್ಮನು 1885ರಲ್ಲಿ ಮೈಸೂರಿಗೆ ಬಂದು ಅರಮನೆಯವರ ಭಾವಚಿತ್ರಗಳನ್ನು ಬರೆದನು. ಅರಮನೆಗೆ ಬಂದ ಈ ಪದ್ಧತಿಯು ಮಠಗಳಿಗೂ ಬಂದು, ಲಿಂಗೈಕ್ಯರಾದ ಸ್ವಾಮಿಗಳವರ ತೈಲಚಿತ್ರಗಳು ಗದ್ದುಗೆಯ ಬಳಿ ನೆಲೆಗೊಂಡವು. ಇವುಗಳಿಗೆ ಕೇಡು ಬರುವುದು ಹೆಚ್ಚಾಗಿ ಭಕ್ತಿಯಿಂದಲೇ. ಧೂಪದೀಪಗಳ ಹೊಗೆಯು ಮೊದಲು ಮುಖದ ಬೆಳಕನ್ನು ನುಂಗುವುದು. ಅದನ್ನು ಒದ್ದೆಬಟ್ಟೆಯಿಂದ ಒರೆಸಿದರೆ ನೀರು ಬಿರುಕಿಗಿಳಿದು ವರ್ಣವು ಚಕ್ಕೆಯಾಗಿ ಏಳುವುದು. ಬಳಿಕ ಯಾರೋ ಹಲಗೆ ಬರೆಯುವವನನ್ನು ಕರೆದು ಹೊಸ ಬಣ್ಣವನ್ನು ಬಳಿಸುವರು. ಕಂಡು ಬರೆದ ಮುಖವು ಕಾಣದವನ ಊಹೆಯ ಅಡಿಯಲ್ಲಿ ಹೂತುಹೋಗುವುದು.